ಡೈಪರ್ ಆರಿಸುವ ಮುನ್ನ ಹಿತ್ತಲು ನೋಡಿ

ಮಗುವಿಗೆ ಬಟ್ಟೆಯ ಲಂಗೋಟಿ ಕಟ್ಟುವುದೋ, ಅಂಗಡಿಯಿಂದ ತಂದ ಡೈಪರ್ ಹಾಕುವುದೋ ಎಂಬ ಪ್ರಶ್ನೆಗೆ ಇವತ್ತು ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಬೇರೆ ಊರುಗಳಿಂದ ಬಂದವು. ಟಿ.ವಿ. ಜಾಹೀರಾತಿನ ಮಗು ಮಲಗಿರುವುದು ಮಹಾನಗರದ ಫ್ಲ್ಯಾಟಿನಲ್ಲಿ. ಪರಿಸರದ ಲೆಕ್ಕ ಬಂದಿರುವುದು ಲಂಡನ್ನಿನ ವಾಷಿಂಗ್ ಮಷಿನ್ನಿನಿಂದ. ಶಿಕಾರಿಪುರದ ಅಥವಾ ಸೊರಬದ ಒಂದು ಹಳ್ಳಿಮನೆಯಲ್ಲಿ ಅದೇ ಪ್ರಶ್ನೆ ಎದ್ದಾಗ ಉತ್ತರ ತೀರ್ಮಾನವಾಗುವುದು ಬೇರೆ ಸಂಗತಿಗಳಿಂದ: ಶೌಚಾಲಯದ ಹಿಂದಿನ ಗುಂಡಿ ಎಂಥದು, ಕಸದ ಗಾಡಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಇರುತ್ತದೆ, ಮಳೆಗಾಲದಲ್ಲಿ ಬಟ್ಟೆ ಒಣಗಲು ಜಾಗ ಎಲ್ಲಿದೆ, ಒಗೆಯುವ ಕೈ ಯಾರದು. ಡೈಪರಿನ ಗುಣ ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ. ಬಳಸಿದ ಮೇಲೆ ಅದು ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಆಯಾ ಮನೆಯ ಹಿತ್ತಲನ್ನು ನೋಡಿಯೇ ಹೇಳಬೇಕು. ಹೀಗೆ ನೋಡಿದರೆ ಈ ಎರಡು ತಾಲ್ಲೂಕುಗಳ ಮಟ್ಟಿಗೆ ನನಗೆ ಕಾಣುವ ಉತ್ತರ ಸ್ಪಷ್ಟವಾಗಿದೆ. ದಿನನಿತ್ಯಕ್ಕೆ ಬಟ್ಟೆ, ಕೆಲವೇ ಹೊತ್ತುಗಳಿಗೆ ಎಣಿಸಿ ಬಳಸುವ ಡೈಪರ್, ಶೌಚಾಲಯಕ್ಕೆ ಬಿಡುವ ಬಗೆಯದು ಯಾವತ್ತಿಗೂ ಬೇಡ. ಬಟ್ಟೆಯ ಪರವಾದ ಈ ಮಾತಿಗೆ ಎರಡು ಷರತ್ತುಗಳಿವೆ. ಅವುಗಳನ್ನು ಬಿಟ್ಟು ಹೇಳಿದರೆ ಅದು ತಾಯಂದಿರ ಮೇಲೆ ಹೊರೆ ಹೊರಿಸುವ ಉಪದೇಶ ಮಾತ್ರ ಆಗುತ್ತದೆ. ಆ ಷರತ್ತುಗಳ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ನೆಲದ ಪರಿಚಯ. ಸೊರಬದ ಪಶ್ಚಿಮ ಭಾಗ, ಚಂದ್ರಗುತ್ತಿಯ ಕಡೆಯದು, ಅಪ್ಪಟ ಮಲೆನಾಡು. ಶಿಕಾರಿಪುರದ ಪೂರ್ವದ ಅಂಚು ಬಯಲುಸೀಮೆಗೆ ತಾಗಿಕೊಂಡಿದೆ. ನಡುವೆ ಇರುವುದೆಲ್ಲ ಅರೆಮಲೆನಾಡು: ಭತ್ತದ ಗದ್ದೆ, ಅಡಿಕೆ ತೋಟ, ಮೆಕ್ಕೆಜೋಳ, ಶುಂಠಿ, ಮತ್ತು ಎಲ್ಲಕ್ಕೂ ಆಧಾರವಾಗಿ ಕೆರೆಗಳು. ಒಂದು ಕೆರೆಯ ಕೋಡಿಬಿದ್ದ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಸಾಲುಸಾಲಾಗಿ ಕಟ್ಟಿದ ವ್ಯವಸ್ಥೆ ಇದು. ಸೊರಬದ ಕಡೆ ದಂಡಾವತಿ ವರದೆಯನ್ನು ಸೇರುತ್ತದೆ. ಶಿಕಾರಿಪುರದ ಕಡೆ ಕುಮುದ್ವತಿ ಅಂಜನಾಪುರ ಜಲಾಶಯವನ್ನು ತುಂಬಿಸಿ ಮುಂದೆ ಸಾಗುತ್ತದೆ. ಎರಡೂ ಕೊನೆಗೆ ತುಂಗಭದ್ರೆಯ ಪಾಲು. ಹೀಗಾಗಿ ಮೇಲಿನ ಊರಿನ ಹಳ್ಳಕ್ಕೆ ಬಿದ್ದದ್ದು ಕೆಳಗಿನ ಊರಿನ ತೂಬಿಗೆ ಬರುತ್ತದೆ. ಶಿಕಾರಿಪುರದ ಉಡುಗಣಿ, ತಾಳಗುಂದ, ಹೊಸೂರು ಭಾಗದ ಕೆರೆಗಳನ್ನು ಏತ ನೀರಾವರಿಯಿಂದ ತುಂಬಿಸುವ ಯೋಜನೆಗೆ ಸರ್ಕಾರ ಅಪಾರ ಹಣ ಸುರಿದಿರುವುದು ಈ ಕೆರೆಗಳಿಲ್ಲದೆ ಬದುಕಿಲ್ಲ ಎಂಬ ಕಾರಣಕ್ಕೇ. ಇಲ್ಲಿ ಡೈಪರಿನ ಮಾತು ಎತ್ತಿದರೆ ಅದು ಕೆರೆಯ ಮಾತೂ ಹೌದು.

ಶೌಚಾಲಯಕ್ಕೆ ಬಿಡುವ ಡೈಪರನ್ನು ಮೊದಲೇ ಪಕ್ಕಕ್ಕಿಟ್ಟುಬಿಡಬಹುದು. ಪರದೇಶಗಳಲ್ಲಿ ಮಾರಾಟವಾದ ಈ ಬಗೆಯದರಲ್ಲಿ ಹೊರಗೆ ಬಟ್ಟೆಯ ಚಡ್ಡಿ, ಒಳಗೆ ಪ್ಲಾಸ್ಟಿಕ್ ಇಲ್ಲದ ಒಂದು ಪಟ್ಟಿ. ಆ ಪಟ್ಟಿಯನ್ನು ಹರಿದು, ಕಲಕಿ, ನೀರು ಬಿಟ್ಟರೆ ಸಾಕು ಎಂಬ ಭರವಸೆ. ಆ ಭರವಸೆ ನಿಂತಿರುವುದು ಮೂರು ಸೌಲಭ್ಯಗಳ ಮೇಲೆ: ಒಂದೇ ಸಲಕ್ಕೆ ಹಲವು ಲೀಟರ್ ನೀರು ರಭಸದಿಂದ ಬಿಡುವ ಟ್ಯಾಂಕ್, ಅಗಲವಾದ ಒಳಚರಂಡಿ ಕೊಳವೆ, ಕೊನೆಯಲ್ಲಿ ಕೊಳಚೆ ಶುದ್ಧೀಕರಣ ಘಟಕ. ನಮ್ಮ ಹಳ್ಳಿಗಳ ಶೌಚಾಲಯ ಇದಕ್ಕೆ ತೀರ ವಿರುದ್ಧವಾದ ತತ್ವದ ಮೇಲೆ ಕಟ್ಟಿದ್ದು. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಅಭಿಯಾನ ಗ್ರಾಮೀಣ ಮನೆಗಳಿಗೆ ಶಿಫಾರಸು ಮಾಡಿದ್ದು ಎರಡು ಗುಂಡಿಯ ಶೌಚಾಲಯವನ್ನು. ಕಡಿದಾದ ಇಳಿಜಾರಿನ ಬೇಸಿನ್ ಆದ್ದರಿಂದ ಒಂದೂವರೆ ಎರಡು ಲೀಟರ್ ನೀರು ಸುರಿದರೆ ಸಾಕು. ಗುಂಡಿಯ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ನೀರು ಅವುಗಳ ಮೂಲಕ ಮಣ್ಣಿಗೆ ಇಂಗುತ್ತದೆ, ಮಲ ಒಳಗೇ ಉಳಿದು ಕೊಳೆಯುತ್ತದೆ. ಒಂದು ಗುಂಡಿ ತುಂಬಿದಾಗ ಹರಿವನ್ನು ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಮುಚ್ಚಿ ಬಿಟ್ಟರೆ ಒಂದೆರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರ ಸಿಗುತ್ತದೆ. ನೀರು ಇಂಗಬೇಕು ಎಂಬುದೇ ಈ ವ್ಯವಸ್ಥೆಯ ಜೀವಾಳ. ಡೈಪರಿನ ಒಳಗಿನ ಪುಡಿಯ ಗುಣ ನೀರನ್ನು ಹಿಡಿದಿಟ್ಟುಕೊಳ್ಳುವುದು. ಎರಡನ್ನೂ ಒಂದೇ ಗುಂಡಿಗೆ ಹಾಕಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ, ಅದರಲ್ಲೂ ಅಂತರ್ಜಲ ಮೇಲೇರಿ ಗುಂಡಿಯ ನೀರು ಇಂಗಲು ಮೊದಲೇ ತಡವರಿಸುವ ಮಳೆಗಾಲದಲ್ಲಿ.

ಒಳಚರಂಡಿ ಇರುವ ಕಡೆಯಲ್ಲೂ ಇದು ನಡೆಯಲಿಲ್ಲ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಕೆಳಗೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕದ ಗಟ್ಟಿಯೊಂದು ಕೊಳವೆಯನ್ನು ಮುಚ್ಚಿಕೊಂಡಿತ್ತು. ಅಡುಗೆಯ ಜಿಡ್ಡು, ಒರೆಸಿ ಎಸೆದ ಒದ್ದೆ ವೈಪ್ಸ್, ಡೈಪರ್ ಎಲ್ಲ ಸೇರಿ ಆದದ್ದು ಅದು. ಅಲ್ಲಿ ಅದನ್ನು ಒಡೆಯಲು ಯಂತ್ರ, ಉಡುಪು, ತರಬೇತಿ ಇತ್ತು. ನಮ್ಮಲ್ಲಿ ಗುಂಡಿ ಕಟ್ಟಿಕೊಂಡರೆ ಇವತ್ತಿಗೂ ಕರೆಯುವುದು ಒಬ್ಬ ಮನುಷ್ಯನನ್ನು. ಕೈಯಿಂದ ಮಲ ಬಾಚಿಸುವುದನ್ನು, ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಕಟ್ಟಿಕೊಂಡ ಗುಂಡಿ ಆ ಅಪರಾಧಕ್ಕೆ ದಾರಿ ತೆರೆಯುತ್ತದೆ. ಆದ್ದರಿಂದ ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ, ಡೈಪರಾಗಲಿ ವೈಪ್ಸ್ ಆಗಲಿ ನಮ್ಮ ಶೌಚಾಲಯದ ಬೇಸಿನ್ನಿಗೆ ಬೀಳಕೂಡದು.

ಇನ್ನು ಒಮ್ಮೆ ಬಳಸಿ ಎಸೆಯುವ ಡೈಪರ್. ಇದನ್ನು ಹಳಿಯುವ ಮುನ್ನ ಇದು ಏಕೆ ಗೆದ್ದಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ 1940ರ ದಶಕದಲ್ಲಿ ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಒದ್ದೆ ಹೊರಬಾರದ ಚಡ್ಡಿ ಹೊಲಿದದ್ದು, ರಾತ್ರಿಯಿಡೀ ಹಾಸಿಗೆ ಬದಲಿಸಿ ಬಸವಳಿದು. 1961ರಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ಪ್ಯಾಂಪರ್ಸ್ ಹೆಸರಿನಲ್ಲಿ ಎಸೆಯುವ ಡೈಪರನ್ನು ಮಾರುಕಟ್ಟೆಗೆ ಬಿಟ್ಟಿತು. ನಿಜವಾದ ಬದಲಾವಣೆ ಬಂದದ್ದು 1980ರ ದಶಕದಲ್ಲಿ, ಮರದ ತಿರುಳಿನ ಹತ್ತಿಯ ನಡುವೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಪುಡಿ ಸೇರಿದಾಗ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು, ಉಪ್ಪಿನಂಶದ ಮೂತ್ರವಾದರೆ ಸುಮಾರು ಮೂವತ್ತು ಪಟ್ಟು ಹೀರಿ ಲೋಳೆಯಾಗಿ ನಿಲ್ಲುವ ವಸ್ತು ಅದು. ಮಗುವಿನ ಚರ್ಮದಿಂದ ಒದ್ದೆಯನ್ನು ದೂರ ಎಳೆದುಕೊಳ್ಳುವ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ರಾತ್ರಿ ಮಗು ನಾಲ್ಕು ತಾಸು ಎಚ್ಚರವಾಗದೆ ಮಲಗಿದರೆ ತಾಯಿಗೂ ನಾಲ್ಕು ತಾಸು ನಿದ್ದೆ. ಶಿಕಾರಿಪುರದಿಂದ ಶಿವಮೊಗ್ಗದ ಆಸ್ಪತ್ರೆಗೆ ಕೂಸನ್ನು ಬಸ್ಸಿನಲ್ಲಿ ಕರೆದೊಯ್ಯುವವಳಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದನ್ನು ಮನೆಯಲ್ಲಿ ಕುಳಿತವರು ಅಳೆಯಲಾಗದು.

ತೊಂದರೆ ಶುರುವಾಗುವುದು ಅದನ್ನು ಬಿಚ್ಚಿದ ಮೇಲೆ. ಡೈಪರಿನ ಮೇಲ್ಪದರ ಪಾಲಿಪ್ರೊಪಿಲೀನ್, ಹೊರಪದರ ಪಾಲಿಥೀನ್, ಅಂಚಿಗೆ ಎಲಾಸ್ಟಿಕ್, ಅಲ್ಲಲ್ಲಿ ಅಂಟು, ನಡುವೆ ತಿರುಳು ಮತ್ತು ಲೋಳೆ. ಒಂದಕ್ಕೊಂದು ಅಂಟಿಸಿ ಮಾಡಿದ ಈ ವಸ್ತುವನ್ನು ಮಲಮೂತ್ರ ಸಮೇತ ಬಿಡಿಸಿ ಮರುಬಳಕೆ ಮಾಡುವ ಏರ್ಪಾಡು ನಮ್ಮ ಸುತ್ತಮುತ್ತ ಇಲ್ಲ. ಅದು ಮಣ್ಣಿನಲ್ಲಿ ಐನೂರು ವರ್ಷ ಉಳಿಯುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಡೈಪರ್ ಹುಟ್ಟಿಯೇ ಅರವತ್ತು ಚಿಲ್ಲರೆ ವರ್ಷವಾದ್ದರಿಂದ ಐನೂರು ಎಂಬುದು ಅಂದಾಜು, ಯಾರೂ ಕಣ್ಣಾರೆ ಕಂಡದ್ದಲ್ಲ. ಆದರೆ ಪಾಲಿಥೀನ್ ಗೊಬ್ಬರವಾಗುವುದಿಲ್ಲ ಎಂಬುದನ್ನು ತಿಳಿಯಲು ಅಷ್ಟು ವರ್ಷ ಕಾಯಬೇಕಿಲ್ಲ. ಹಳ್ಳಿಮನೆಯ ಕಸ ಬೀಳುವುದು ಹಿತ್ತಲಿನ ತಿಪ್ಪೆಗೆ. ಸಗಣಿ, ಸೊಪ್ಪು, ಬೂದಿ, ಅಡುಗೆಮನೆಯ ಸಿಪ್ಪೆ ಎಲ್ಲವೂ ಅಲ್ಲಿ ಕೊಳೆತು ಬೇಸಿಗೆಯ ಕೊನೆಗೆ ಗದ್ದೆ ತೋಟಕ್ಕೆ ಹೋಗುತ್ತದೆ. ಆ ತಿಪ್ಪೆಗೆ ಡೈಪರ್ ಸೇರಿದರೆ ಅದರ ಹಾಳೆಗಳೂ ಗೊಬ್ಬರದ ಜೊತೆಗೇ ಗದ್ದೆಗೆ ಇಳಿಯುತ್ತವೆ. ಬೇಲಿಯಾಚೆ ಎಸೆದರೆ ನಾಯಿ ಎಳೆದಾಡುತ್ತದೆ, ಮೇಯುವ ದನ ಬಾಯಿ ಹಾಕುತ್ತದೆ. ಸುಟ್ಟರೆ? ಒದ್ದೆ ತುಂಬಿದ ಡೈಪರ್ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಪ್ಲಾಸ್ಟಿಕ್ ಹೊಗೆ ಮೊದಲು ಸೇರುವುದು ಅದೇ ಮನೆಯ ಕೂಸಿನ ಎದೆಗೆ. ಹಳ್ಳಕ್ಕೆ ಬಿಟ್ಟರೆ ಕೆರೆ. ಸೊರಬ ತಾಲ್ಲೂಕಿನ ಗುಡವಿಯಲ್ಲಿ ಕೆರೆಯ ನೀರಿನಲ್ಲೇ ನಿಂತ ಮರಗಳ ಮೇಲೆ ಬೆಳ್ಳಕ್ಕಿ, ಕೆಂಬರಲುಗಳು ಗೂಡು ಕಟ್ಟುವುದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅಂಥ ಕೆರೆಗಳ ನೆರೆಯಲ್ಲಿ ಬಾಳುವವರಿಗೆ ಹಳ್ಳವನ್ನು ಕಸದ ದಾರಿ ಮಾಡಿಕೊಳ್ಳುವ ಹಕ್ಕಿಲ್ಲ.

ಸರಿಯಾದ ದಾರಿಯೊಂದು ಕಾಗದದ ಮೇಲೆ ಇದ್ದೇ ಇದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಡೈಪರನ್ನು ನೈರ್ಮಲ್ಯ ತ್ಯಾಜ್ಯವೆಂದು ಹೆಸರಿಸಿ, ಅದನ್ನು ಬಿಗಿಯಾಗಿ ಸುತ್ತಿಯೇ ಕೊಡಬೇಕೆಂದು ಹೇಳಿದವು. ತಯಾರಕರು ಪ್ರತಿ ಡೈಪರಿನ ಜೊತೆ ಸುತ್ತಲು ಹೊದಿಕೆ ಕೊಡಬೇಕು, ಇಲ್ಲವೇ ಮರುಬಳಕೆಯಾಗುವ ವಸ್ತುವನ್ನೇ ಬಳಸುವ ದಾರಿ ಹುಡುಕಬೇಕು ಎಂದೂ ಅದೇ ನಿಯಮಗಳಲ್ಲಿತ್ತು. ಬೆಂಗಳೂರಿನಲ್ಲಿ 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿದಾಗ ಕೆಂಪು ಬುಟ್ಟಿ ಮೀಸಲಾದದ್ದು ಇಂಥ ಕಸಕ್ಕೆ. ಹಳ್ಳಿಗಳಲ್ಲಿ ಈಗ ಗ್ರಾಮ ಪಂಚಾಯಿತಿಯ ಸ್ವಚ್ಛವಾಹಿನಿ ಗಾಡಿಗಳು, ಒಣಕಸ ಬೇರ್ಪಡಿಸುವ ಸ್ವಚ್ಛ ಸಂಕೀರ್ಣಗಳು ಬಂದಿವೆ. ಅನೇಕ ಕಡೆ ಆ ಗಾಡಿ ಓಡಿಸುವವರೂ ಕಸ ವಿಂಗಡಿಸುವವರೂ ಸಂಜೀವಿನಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು. ಸುತ್ತದೆ ಎಸೆದ ಡೈಪರನ್ನು ಬಿಡಿಸುವುದು ಅವರ ಕೈ. ಅದಕ್ಕೇ ಡೈಪರ್ ಬಳಸುವ ಮನೆಯವರು ಮಾಡಲೇಬೇಕಾದ ಕೆಲಸ ಇಷ್ಟಿದೆ: ಒಳಗಿನ ಮಲವನ್ನು ಶೌಚಾಲಯಕ್ಕೆ ಉದುರಿಸಿ, ಡೈಪರನ್ನು ಅದರದೇ ಪಟ್ಟಿಯಿಂದ ಮಡಿಸಿ ಕಟ್ಟಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಗಾಡಿ ಬರುವವರೆಗೆ ಮುಚ್ಚಿದ ಡಬ್ಬಿಯಲ್ಲಿಡಬೇಕು. ಗಾಡಿ ಬಾರದ ಊರಿನಲ್ಲಿ ಡೈಪರಿಗೆ ಒಪ್ಪುವ ಜಾಗವೇ ಇಲ್ಲ. ಅಲ್ಲಿ ಅದನ್ನು ಎಷ್ಟು ಕಡಿಮೆ ಬಳಸಿದರೂ ಹೆಚ್ಚೇ.

ಇಲ್ಲಿ ಓದಿಕೊಂಡವರ ಕಡೆಯಿಂದ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಬಟ್ಟೆ ಒಗೆಯಲು ನೀರು, ಸೋಪು, ಶಕ್ತಿ ಬೇಕು. ಎಲ್ಲ ಕೂಡಿಸಿದರೆ ಎರಡೂ ಒಂದೇ ಎಂದು ಬ್ರಿಟನ್ನಿನಲ್ಲಿ ಲೆಕ್ಕ ಹಾಕಿಲ್ಲವೇ? ಹಾಕಿದ್ದಾರೆ. ಅಲ್ಲಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಮಗುವಿನ ಮೊದಲ ಎರಡೂವರೆ ವರ್ಷಕ್ಕೆ ಎಸೆಯುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಮಾಲಿನ್ಯ, ಬಟ್ಟೆಯಿಂದ ಸುಮಾರು 570 ಕಿಲೋ. ಈ ಒಂದು ಸಾಲನ್ನು ಹಿಡಿದುಕೊಂಡವರು ಅದೇ ವರದಿಯ ಮುಂದಿನ ಸಾಲನ್ನು ಓದಿದಂತಿಲ್ಲ. ಬಟ್ಟೆಯ ಹೊರೆ ಹೆಚ್ಚಿದ್ದು ಬಿಸಿನೀರಿನ ಯಂತ್ರದಿಂದ ಮತ್ತು ವಿದ್ಯುತ್ತಿನಲ್ಲಿ ಒಣಗಿಸುವ ಡ್ರೈಯರಿನಿಂದ. ಯಂತ್ರವನ್ನು ತುಂಬಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಅದೇ ಬಟ್ಟೆ ಬಳಸಿದರೆ ಹೊರೆ ಸುಮಾರು ನೂರಕ್ಕೆ ನಲವತ್ತರಷ್ಟು ಇಳಿಯುತ್ತದೆ ಎಂದು ಆ ವರದಿಯೇ ಹೇಳಿತ್ತು. 2023ರಲ್ಲಿ ಬ್ರಿಟನ್ ಸರ್ಕಾರ ಲೆಕ್ಕವನ್ನು ಹೊಸದಾಗಿ ಹಾಕಿಸಿದಾಗ ಬಟ್ಟೆಯದು ಸುಮಾರು ನೂರಕ್ಕೆ ಇಪ್ಪತ್ತೈದರಷ್ಟು ಕಡಿಮೆ ಎಂದು ಬಂತು. ಕೈಯಲ್ಲಿ ಒಗೆದು, ಅಂಗಳದ ಬಿಸಿಲಿಗೆ ಹರವಿ, ಅಕ್ಕನ ಮಗುವಿನ ಲಂಗೋಟಿಯನ್ನು ತಂಗಿಯ ಮಗುವಿಗೆ ಕಟ್ಟುವ ಊರಿನಲ್ಲಿ ಆ ಲೆಕ್ಕ ಇನ್ನಷ್ಟು ಬಟ್ಟೆಯ ಕಡೆಗೇ ವಾಲುತ್ತದೆ. ಬಚ್ಚಲ ಹಂಡೆಗೆ ಸೌದೆ ಉರಿಯುವುದು ನಿಜ, ಆದರೆ ಬಾಣಂತಿಯ ಮತ್ತು ಕೂಸಿನ ಸ್ನಾನಕ್ಕೆಂದು ಅದು ಹೇಗೂ ಉರಿಯುತ್ತಿರುತ್ತದೆ. ಉಳಿದ ಬಿಸಿನೀರು ಲಂಗೋಟಿಗೆ ಸಾಕು.

ಹಣದ ಲೆಕ್ಕ ಇನ್ನೂ ಸರಳ. ಆ ಬ್ರಿಟಿಷ್ ಅಧ್ಯಯನ ಹಿಡಿದ ಸರಾಸರಿ ದಿನಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು, ಎರಡೂವರೆ ವರ್ಷಕ್ಕೆ ಸುಮಾರು 3,800 ಡೈಪರ್. ಎಳೆಗೂಸಿಗೆ ದಿನಕ್ಕೆ ಎಂಟು ಹತ್ತು ಬೇಕಾಗುವ ತಿಂಗಳುಗಳೂ ಇರುತ್ತವೆ. ಒಂದಕ್ಕೆ ಹತ್ತು ರೂಪಾಯಿ, ದಿನಕ್ಕೆ ಐದು ಎಂದು ಹಿಡಿದರೂ ಐವತ್ತು ರೂಪಾಯಿ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಅಂದರೆ ಒಂದು ಆಳಿನ ಕೂಲಿಯ ಏಳರಲ್ಲೊಂದು ಪಾಲು, ಅದೂ ಕೂಲಿ ಸಿಗದ ದಿನವೂ ತಪ್ಪದ ಖರ್ಚು. ಇದಕ್ಕಿಂತ ಕಳವಳದ ಸಂಗತಿ, ಹಣ ಉಳಿಸಲೆಂದು ಒಂದೇ ಡೈಪರನ್ನು ಎಂಟು ಹತ್ತು ತಾಸು ಬಿಡುವುದು. ದುಬಾರಿ ವಸ್ತುವನ್ನು ಮಿತವಾಗಿ ಬಳಸುವ ಈ ಸಹಜ ಬುದ್ಧಿಯೇ ಮಗುವಿನ ತೊಡೆಸಂದಿಗೆ ಮುಳುವಾಗುತ್ತದೆ.

ತೊಡೆಸಂದಿಯ ಕೆಂಪು, ಅಂದರೆ ಡೈಪರ್ ರ‍್ಯಾಶ್, ಈ ಚರ್ಚೆಯಲ್ಲಿ ಎರಡೂ ಕಡೆಯವರು ಎತ್ತುವ ಅಸ್ತ್ರ. ಬಟ್ಟೆಯಾದರೆ ಒದ್ದೆಯಲ್ಲೇ ಮಲಗುತ್ತದೆ ಎನ್ನುವರು ಒಬ್ಬರು, ಪ್ಲಾಸ್ಟಿಕ್ಕಿನಲ್ಲಿ ಬೆವೆತು ಬೇಯುತ್ತದೆ ಎನ್ನುವರು ಇನ್ನೊಬ್ಬರು. ಚರ್ಮಕ್ಕೆ ಆಗುವುದು ಇಷ್ಟು: ಬಹಳ ಹೊತ್ತು ಒದ್ದೆಯಾಗಿದ್ದ ಚರ್ಮ ಮೆತ್ತಗಾಗುತ್ತದೆ, ತಿಕ್ಕಾಟಕ್ಕೆ ಸವೆಯುತ್ತದೆ. ಮೂತ್ರ ಮತ್ತು ಮಲ ಒಟ್ಟಿಗೆ ನಿಂತರೆ ಕ್ಷಾರ ಹೆಚ್ಚಿ, ಮಲದಲ್ಲಿರುವ ಜೀರ್ಣಕಾರಿ ಕಿಣ್ವಗಳು ಚುರುಕಾಗಿ ಚರ್ಮವನ್ನು ಕೊರೆಯುತ್ತವೆ. ಅದರ ಮೇಲೆ ಶಿಲೀಂಧ್ರ ಕೂತರೆ ಕೆಂಪಿನ ಸುತ್ತ ಸಣ್ಣ ಗುಳ್ಳೆಗಳೇಳುತ್ತವೆ. ಹೀರುವ ಪುಡಿಯ ಡೈಪರ್ ಚರ್ಮವನ್ನು ಹೆಚ್ಚು ಒಣಗಿಡುತ್ತದೆ ಎಂದು ಕೆಲವು ಪ್ರಯೋಗಗಳು ತೋರಿಸಿವೆ. ಆದರೆ ನಡೆದ ಪ್ರಯೋಗಗಳನ್ನೆಲ್ಲ ಜಾಲಾಡಿದ 2006ರ ಕಾಕ್ರೇನ್ ಪರಿಶೀಲನೆ, ಎಸೆಯುವ ಡೈಪರ್ ರ‍್ಯಾಶನ್ನು ತಡೆಯುತ್ತದೆ ಎನ್ನಲೂ ಇಲ್ಲ ಎನ್ನಲೂ ಸಾಕಷ್ಟು ಪುರಾವೆ ಇಲ್ಲ ಎಂದಿತು. ಯಾವುದನ್ನು ಕಟ್ಟಿದ್ದೀರಿ ಎಂಬುದಕ್ಕಿಂತ ಎಷ್ಟು ಬೇಗ ಬದಲಿಸುತ್ತೀರಿ ಎಂಬುದು ಮುಖ್ಯ ಎಂಬುದರಲ್ಲಿ ಮಾತ್ರ ತಕರಾರಿಲ್ಲ. ಮಲವಾದರೆ ತಕ್ಷಣ, ಹಗಲಿನಲ್ಲಿ ಡೈಪರಾದರೂ ಮೂರು ನಾಲ್ಕು ತಾಸಿಗೊಮ್ಮೆ, ದಿನದಲ್ಲಿ ಕೆಲ ಹೊತ್ತು ಏನೂ ಕಟ್ಟದೆ ಗಾಳಿಗೆ. ಒದ್ದೆ ಲಂಗೋಟಿ ಕೂಗಿ ಕರೆಯುತ್ತದೆ, ಡೈಪರ್ ಸುಮ್ಮನಿದ್ದು ಮರೆಸುತ್ತದೆ. ಈ ದೃಷ್ಟಿಯಿಂದ ಬಟ್ಟೆಗೇ ಒಂದು ಅನುಕೂಲ. ಕೆಂಪು ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ಅಥವಾ ಗುಳ್ಳೆ ಎದ್ದರೆ ಅಂಗಡಿಯ ಮುಲಾಮು ಸಾಲದು, ತಾಲ್ಲೂಕು ಆಸ್ಪತ್ರೆಗೆ ತೋರಿಸಬೇಕು. ಪೌಡರ್ ಉದುರಿಸುವುದರಿಂದ ಲಾಭವಿಲ್ಲ, ಅದರ ಧೂಳು ಕೂಸಿನ ಉಸಿರಿಗೆ ಕೆಟ್ಟದ್ದು.

ಮಲೆನಾಡಿನವರ ಆಕ್ಷೇಪ ಬೇರೆಯದು, ಅದನ್ನು ಯಾವ ವರದಿಯಿಂದಲೂ ತಳ್ಳಿಹಾಕಲಾಗದು. ಪುನರ್ವಸು, ಪುಷ್ಯ ಮಳೆ ಹಿಡಿದ ವಾರಗಳಲ್ಲಿ ಸೊರಬದ ಕಡೆ ಬಟ್ಟೆ ಒಣಗುವುದಿಲ್ಲ. ಹಗ್ಗದ ಮೇಲೆ ಎರಡು ದಿನ ನೇತಾಡಿದರೂ ತಣ್ಣಗೆ, ಮುಗ್ಗುಲು ವಾಸನೆ. ಅರೆಒಣಗಿದ ಬಟ್ಟೆಯನ್ನು ಕೂಸಿಗೆ ಕಟ್ಟುವುದು ಸರಿಯಲ್ಲ. ಇದಕ್ಕೆ ಹಿಂದಿನವರು ಕಂಡುಕೊಂಡ ದಾರಿ ಬಚ್ಚಲೊಲೆಯ ಮೇಲಿನ ಹಗ್ಗ. ಅದು ಇವತ್ತಿಗೂ ಒಳ್ಳೆಯ ದಾರಿ, ಬಟ್ಟೆ ಹೊಗೆಯಲ್ಲಿ ಕಮರದಂತೆ ನೋಡಿಕೊಂಡು ಕೂಸನ್ನು ಆ ಹೊಗೆಯಿಂದ ದೂರ ಇಟ್ಟರೆ. (ಸ್ನಾನವಾದ ಮಗುವಿಗೆ ಧೂಪ ಹಾಕುವ ರೂಢಿಯನ್ನೂ ಮಕ್ಕಳ ವೈದ್ಯರು ಬೇಡವೆನ್ನುವುದು ಇದೇ ಕಾರಣಕ್ಕೆ.) ಕೊನೆಯ ತೇವ ತೆಗೆಯಲು ಇಸ್ತ್ರಿ ಸಾಕು; ಆ ಕಾವಿಗೆ ರೋಗಾಣುಗಳೂ ಕಡಿಮೆಯಾಗುತ್ತವೆ. ಬಟ್ಟೆಯ ದಪ್ಪವನ್ನೂ ಯೋಚಿಸಬೇಕು. ಅಂಗಡಿಯಲ್ಲಿ ಈಗ ಸಿಗುವ, ಗುಂಡಿ ಹಾಕುವ ಹೊಸ ಬಗೆಯ ಬಟ್ಟೆ ಡೈಪರಿನ ಹೊರಕವಚ ಒದ್ದೆ ಹೊರಬಿಡದು, ಅದು ಅನುಕೂಲ. ಆದರೆ ಅದರ ಹಲವು ಪದರದ ದಪ್ಪ ಪಟ್ಟಿ ಮಳೆಗಾಲದಲ್ಲಿ ಒಣಗಲು ಬಹಳ ಹೊತ್ತು ಬೇಕು. ಹಳೆಯ ನೂಲಿನ ಸೀರೆಯ, ಪಂಚೆಯ ತುಂಡಾದರೆ ಬಿಡಿಸಿ ಹರವಿದಾಗ ಒಂದೇ ಪದರ, ಮಡಿಸಿದಾಗ ಬೇಕಾದಷ್ಟು ಪದರ. ನೂರಾರು ಸಲ ಒಗೆದ ನೂಲು ಹೊಸದಕ್ಕಿಂತ ಮೆತ್ತಗೆ, ಹೆಚ್ಚು ಹೀರುತ್ತದೆ. ಬೇಸಿಗೆಗೆ ಎರಡು ಡಜನ್ ಸಾಕಾದರೆ ಮಳೆಗಾಲಕ್ಕೆ ಮೂರು ಡಜನ್ ಇರಲಿ. ಇಷ್ಟೆಲ್ಲ ಮಾಡಿಯೂ ಬಟ್ಟೆ ಮುಗಿದ ಜಡಿಮಳೆಯ ರಾತ್ರಿ ಒಂದು ಡೈಪರ್ ಹಾಕಿದರೆ ಯಾರೂ ನಾಚಬೇಕಿಲ್ಲ.

ಈಗ ಷರತ್ತುಗಳು. ಮೊದಲನೆಯದು ಕೊಳೆನೀರಿನದು. ಎಳೆಗೂಸಿನ ಮಲ ಮಲವೇ ಅಲ್ಲ, ಅದರಿಂದ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಅದು ತಪ್ಪು. ಭೇದಿ ತರುವ ರೋಗಾಣುಗಳು ಮಗುವಿನ ಮಲದಲ್ಲೂ ದೊಡ್ಡವರದರಲ್ಲಿ ಇರುವಂತೆಯೇ ಇರುತ್ತವೆ. ಕೆರೆಯ ಮೆಟ್ಟಿಲಲ್ಲೋ ಹಳ್ಳದ ಕಲ್ಲಿನ ಮೇಲೋ ಲಂಗೋಟಿ ಕುಕ್ಕಿ ಒಗೆದರೆ ಬಟ್ಟೆಯ ಪರವಾದ ನನ್ನ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಡೈಪರ್ ಕೆರೆಗೆ ಪ್ಲಾಸ್ಟಿಕ್ ಕೊಟ್ಟರೆ ಇದು ಕಾಯಿಲೆ ಕೊಡುತ್ತದೆ. ಆದ್ದರಿಂದ ಗಟ್ಟಿಯಾದದ್ದನ್ನು ಶೌಚಾಲಯಕ್ಕೆ ಉದುರಿಸಬೇಕು, ಮೊದಲ ಸಲ ಜಾಲಿಸಿದ ನೀರನ್ನೂ ಅದೇ ಬೇಸಿನ್ನಿಗೆ ಸುರಿಯಬೇಕು. ಆಮೇಲಿನ ಸೋಪಿನ ನೀರು ಬಾವಿಯಿಂದ ದೂರದ ಇಂಗುಗುಂಡಿಗೆ ಹೋದರೆ ಸಾಕು. ನೆನೆಹಾಕಿದ ಬಕೆಟ್ಟಿಗೆ ಮುಚ್ಚಳ ಇರಲೇಬೇಕು. ಅಂಬೆಗಾಲಿಡುವ ಮಗು ಅರ್ಧ ಬಕೆಟ್ ನೀರಿನಲ್ಲೂ ಮುಳುಗಬಲ್ಲದು. ಸೋಪು ಉಳಿಯದಂತೆ ಎರಡು ಸಲ ಜಾಲಿಸಿ, ಬಿಸಿಲಿದ್ದಾಗ ಬಿಸಿಲಿಗೇ ಹಾಕಿ, ಕೊನೆಗೆ ಒಗೆದವರು ಕೈಯನ್ನು ಸೋಪಿನಿಂದ ತೊಳೆದರೆ ಕೆಲಸ ಮುಗಿಯಿತು; ಘಾಟು ವಾಸನೆಯ ಔಷಧಿಗಳ ಅಗತ್ಯವಿಲ್ಲ. ಇದಕ್ಕೆಲ್ಲ ದಿನಕ್ಕೆ ಮೂರು ಬಕೆಟ್ ನೀರಾದರೂ ಬೇಕು. ಜಲಜೀವನ್ ಮಿಷನ್ ತಲಾ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಇಟ್ಟಿದೆ. ಲಂಗೋಟಿಯ ಪಾಲು ಹೆಚ್ಚುಕಡಿಮೆ ಒಬ್ಬ ಮನುಷ್ಯನ ಪಾಲಿನಷ್ಟಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರಿಗೆ ಕಾಯುವ ಓಣಿಯ ಮನೆಗೆ ಇದು ಸಣ್ಣ ಹೊರೆಯಲ್ಲ. ಅಂಥ ವಾರಗಳಲ್ಲಿ, ಕಸದ ಗಾಡಿ ಸರಿಯಾಗಿ ಬರುವ ಪಟ್ಟಣದ ಮನೆಯವರು ಡೈಪರಿನ ಕಡೆ ಹೆಚ್ಚು ವಾಲಿದರೆ ಅದು ಸರಿಯಾದ ಲೆಕ್ಕವೇ.

ಎರಡನೆಯ ಷರತ್ತು ದುಡಿಮೆಯದು, ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇದೇ. ಬಟ್ಟೆ ಅಗ್ಗ ಎನ್ನುವ ಲೆಕ್ಕದಲ್ಲಿ ಒಗೆಯುವವಳ ಶ್ರಮಕ್ಕೆ ಬೆಲೆ ಹಾಕಿರುವುದಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ ಆಗುವಾಗ ಅವ್ವನೋ ಅತ್ತಿಗೆಯೋ ಒಗೆಯುತ್ತಾರೆ. ಗಂಡನ ಮನೆಗೆ ಮರಳಿದ ಮೇಲೆ ಆ ಕೆಲಸ ತಾಯಿಯ ಹೆಗಲಿಗೆ ಬರುತ್ತದೆ, ಅದೂ ಗದ್ದೆ, ಕೊಟ್ಟಿಗೆ, ಅಡುಗೆಯ ಜೊತೆಗೆ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತವಳಿಗೆ ಬೆಳಗಿನ ಜಾವ ಹನ್ನೆರಡು ಲಂಗೋಟಿ ಒಗೆಯಬೇಕೆಂದು ಪರಿಸರದ ಹೆಸರಿನಲ್ಲಿ ಹೇಳುವುದು ಕ್ರೌರ್ಯ. ಡೈಪರ್ ಬಂದದ್ದು ಆಕೆಯ ಈ ಹೊರೆ ಇಳಿಸಲು ಬೇರೆ ಯಾರೂ ಮುಂದೆ ಬಾರದ ಕಾರಣಕ್ಕೆ. ಹಾಗಾಗಿ ಬಟ್ಟೆಯೇ ಸರಿ ಎನ್ನುವ ಮನೆಯಲ್ಲಿ ಒಗೆಯುವ ಕೆಲಸದಲ್ಲಿ ಗಂಡಸಿನ ಪಾಲು ಇರಬೇಕು, ಯಾವಾಗಲಾದರೊಮ್ಮೆ ನೆರವಾಗುವಂತಲ್ಲ, ದಿನಚರಿಯಾಗಿ. ಅಪ್ಪನಾದವನು ಬೆಳಿಗ್ಗೆ ಹಾಲು ಕರೆದು ಡೇರಿಗೆ ಹೋಗುವ ಮುನ್ನ ಹಿಂದಿನ ರಾತ್ರಿಯ ಲಂಗೋಟಿಗಳನ್ನು ಜಾಲಿಸಿ ಹರವುವುದು ಅರ್ಧ ತಾಸಿನ ಕೆಲಸ. ಇದು ಸಾಧ್ಯವಿಲ್ಲದ ಮನೆಯಲ್ಲಿ ತಾಯಿ ಡೈಪರ್ ಕೊಂಡರೆ ತಪ್ಪು ಆಕೆಯದಲ್ಲ.

ಒದ್ದೆಯಾಗುವ ಬಟ್ಟೆಯ ಸಂಖ್ಯೆಯನ್ನೇ ಕಡಿಮೆ ಮಾಡುವ ಒಂದು ಜಾಣತನವೂ ನಮ್ಮ ಮನೆಗಳಲ್ಲಿ ಇತ್ತು. ಮಗು ಕುತ್ತಿಗೆ ನಿಲ್ಲಿಸಿದ ಮೇಲೆ ಅಜ್ಜಿಯರು ಕಾಲು ಚಾಚಿ ಕೂತು, ಪಾದಗಳ ಮೇಲೆ ಮಗುವನ್ನು ಕುಕ್ಕರಿಸಿ, ಶ್ಶ್ ಎಂದು ಸದ್ದು ಮಾಡಿ ಹೊತ್ತುಹೊತ್ತಿಗೆ ಮೂತ್ರ ಮಲ ಮಾಡಿಸುತ್ತಿದ್ದರು. ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹೀಗೆ ಕೂರಿಸಿದರೆ ದಿನಕ್ಕೆ ಮೂರು ನಾಲ್ಕು ಬಟ್ಟೆಯಾದರೂ ಉಳಿಯುತ್ತದೆ. ಗದರಿಸದೆ, ಬಲವಂತ ಮಾಡದೆ ಮಾಡಿದರೆ ಇದರಿಂದ ಮಗುವಿಗೆ ತೊಂದರೆಯಿಲ್ಲ. ದಿನವಿಡೀ ಡೈಪರಿನಲ್ಲಿರುವ ಮಗುವಿಗೆ ತನಗೆ ಒದ್ದೆಯಾಗಿದೆ ಎಂಬ ಅರಿವೇ ತಡವಾಗಿ ಬರುತ್ತದೆ. ಕಟ್ಟುವಾಗ ಲಂಗೋಟಿ ಸೊಂಟದ ಬಳಿ ಸಡಿಲವಾಗಿರಲಿ, ಕಾಲುಗಳು ಮಡಚಿ ಅಗಲವಾಗಿ ಆಡುವಂತಿರಲಿ. ಕಾಲನ್ನು ನೆಟ್ಟಗೆ ಚಾಚಿಸಿ ಬಿಗಿಯಾಗಿ ಸುತ್ತಿದರೆ ಸೊಂಟದ ಕೀಲಿಗೆ ಪೆಟ್ಟು. ಪಿನ್ನಿಗಿಂತ ದಾರದ ಗಂಟು ಲೇಸು.

ಹಾಗಾದರೆ ಮಾಡಬೇಕಾದದ್ದು ಮನೆಯವರಷ್ಟೇ ಅಲ್ಲ. ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಮಗುವಿಗೆ ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ದಿನಕ್ಕೆ ಎಷ್ಟು ಸಲ ಮೂತ್ರ ಮಾಡುತ್ತದೆ ಎಂಬುದು; ಮೊದಲ ವಾರ ಕಳೆದ ಮೇಲೆ ಆರು ಸಲವಾದರೂ ಆಗಬೇಕು. ಲಂಗೋಟಿ ಕಟ್ಟಿದ ಮನೆಯಲ್ಲಿ ಇದಕ್ಕೆ ಉತ್ತರ ಹಗ್ಗದ ಮೇಲೆಯೇ ಇರುತ್ತದೆ, ಡೈಪರ್ ಹಾಕಿದ ಮನೆಯಲ್ಲಿ ಯಾರೂ ಸರಿಯಾಗಿ ಹೇಳಲಾರರು. ಮೊದಲ ಆರು ವಾರ ಹಗಲಿನಲ್ಲಿ ಬಟ್ಟೆಯೇ ಇರಲಿ ಎಂದು ಹೇಳಲು ಆಶಾ ಕಾರ್ಯಕರ್ತೆಗೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಪಂಚಾಯಿತಿಗಳಿಗೂ ಕೆಲಸವಿದೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಕೂಸಿನ ಮನೆಗಳಲ್ಲಿ ನೀರಿನ ತೊಟ್ಟಿ, ಒಗೆಯುವ ಕಲ್ಲು, ಒಣಗಿಸುವ ಮಾಡು ಇದ್ದರೆ ಮಾತ್ರ ಅಲ್ಲಿನ ಆಯಾಗಳು ಬಟ್ಟೆ ಬಳಸಬಲ್ಲರು. ಅದಿಲ್ಲದಿದ್ದರೆ ಡೈಪರ್ ತನ್ನಿ ಎಂದು ತಾಯಂದಿರಿಗೆ ಹೇಳುವುದು ಅವರಿಗೆ ಅನಿವಾರ್ಯವಾಗುತ್ತದೆ. ಸ್ವಚ್ಛವಾಹಿನಿಯ ಗಾಡಿಗೆ ಕೆಂಪು ಬಣ್ಣದ ಮುಚ್ಚಿದ ಪೆಟ್ಟಿಗೆಯೊಂದನ್ನು ಜೋಡಿಸಿ, ಆ ಪೆಟ್ಟಿಗೆ ಮುಟ್ಟುವವರಿಗೆ ಗಟ್ಟಿ ಕೈಗವಸು ಕೊಡಲು ದೊಡ್ಡ ಅನುದಾನ ಬೇಕಿಲ್ಲ.

ಸರ್ಕಾರದ ಮುಂದೆ ಒಂದು ಹಳೆಯ ಮಾದರಿಯೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಸೊಳ್ಳೆಪರದೆ, ಹೊದಿಕೆ, ಸೋಪು, ಮಗುವಿಗೆ ರಬ್ಬರ್ ಶೀಟು, ಬಟ್ಟೆ ಎಲ್ಲವನ್ನೂ ತುಂಬಿದ ಚೀಲ ಕೊಡುವ ‘ಮಡಿಲು’ ಯೋಜನೆ ಕರ್ನಾಟಕದಲ್ಲಿ 2007ರಲ್ಲಿ ಶುರುವಾಗಿತ್ತು. ಶಿಕಾರಿಪುರ ಮತ್ತು ಸೊರಬದ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆರಿಗೆಯಾಗಿ ಮನೆಗೆ ಹೊರಡುವ ಪ್ರತಿ ತಾಯಿಗೂ ಅಂಥದೇ ಒಂದು ಚೀಲ ಸಿಗಲಿ. ಅದರಲ್ಲಿ ಮೂರು ಡಜನ್ ಮೆತ್ತನೆಯ ನೂಲಿನ ಲಂಗೋಟಿ, ಒದ್ದೆ ಹೊರಬಿಡದ ಎರಡು ಕವಚ, ಮುಚ್ಚಳದ ಬಕೆಟ್, ಎರಡು ಬಾರ್ ಸೋಪು ಇರಲಿ. ಹೊಲಿಯುವ ಕೆಲಸವನ್ನು ಇದೇ ತಾಲ್ಲೂಕುಗಳ ಸ್ವಸಹಾಯ ಸಂಘಗಳಿಗೆ ಕೊಡಬಹುದು. ಒಗೆಯುವ ಕ್ರಮವನ್ನು ವಾರ್ಡಿನಲ್ಲೇ, ಬಿಡುಗಡೆಯ ದಿನ, ದಾದಿಯರು ತಂದೆಗೂ ತೋರಿಸಿಕೊಡಲಿ.